ತೋಳದ ಲೆಕ್ಕ ಯಾರ ಖಾತೆಗೆ?

ಎಲ್ಕ್ ಎಂದರೆ ಉತ್ತರ ಅಮೆರಿಕದ ದೊಡ್ಡ ಜಿಂಕೆ. ಹೆಣ್ಣು ಎಲ್ಕ್ ಸುಮಾರು 225 ಕಿಲೊ ತೂಗುತ್ತದೆ, ಗಂಡು 300 ದಾಟುತ್ತದೆ. ಅದನ್ನು ಬೇಟೆಯಾಡುವ ತೋಳದ ತೂಕ 45 ಕಿಲೊ ಆಸುಪಾಸು. ಹುಲಿ, ಚಿರತೆಗಳ ಹಾಗೆ ಮುಂಗಾಲಿನಿಂದ ತಬ್ಬಿ ಕೆಡವುವ ಶಕ್ತಿ ತೋಳಕ್ಕಿಲ್ಲ. ಅದರ ಬಳಿ ಇರುವುದು ದವಡೆ ಮತ್ತು ದಣಿಯದ ಓಟ. ಎಲ್ಕ್ ಸರಿಯಾಗಿ ಒಂದು ಸಲ ಒದ್ದರೆ ತೋಳದ ಪಕ್ಕೆಲುಬು ಮುರಿಯುತ್ತದೆ, ತಲೆಬುರುಡೆಯೂ ಒಡೆಯಬಹುದು. ಅದಕ್ಕೇ ತೋಳಗಳು ಮೊದಲು ಹಿಂಡನ್ನು ಓಡಿಸುತ್ತವೆ. ಓಡುವಾಗ ಯಾವುದು ಕುಂಟುತ್ತದೆ, ಯಾವುದು ಹಿಂದೆ ಬೀಳುತ್ತದೆ ಎಂದು ನೋಡುತ್ತವೆ. ಓಡದೆ ಎದುರಿಸಿ ನಿಂತ ಗಟ್ಟಿ ಪ್ರಾಣಿಯ ತಂಟೆಗೆ ಹೋಗುವುದು ಕಡಿಮೆ. ಇಷ್ಟೆಲ್ಲ ಮಾಡಿಯೂ ಎಲ್ಕ್ ಮೇಲಿನ ಹೆಚ್ಚಿನ ದಾಳಿಗಳು ವ್ಯರ್ಥವಾಗುತ್ತವೆ.

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಮೂವತ್ತು ವರ್ಷಗಳಿಂದ ನಡೆಯುತ್ತಿರುವ ತೋಳದ ಜಗಳವನ್ನು ತಿಳಿಯಲು ಇಲ್ಲಿಂದಲೇ ಹೊರಡಬೇಕು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ತೋಳಗಳನ್ನು ಗುಂಡು, ವಿಷ, ಉರುಳುಗಳಿಂದ ಕೊಂದು, 1926ರ ಹೊತ್ತಿಗೆ ಸರ್ಕಾರವೇ ಅವುಗಳ ಸಂತತಿ ಮುಗಿಸಿತ್ತು. ಅದೇ ಸರ್ಕಾರ 1995ರಲ್ಲಿ ಕೆನಡಾದ ಆಲ್ಬರ್ಟಾದಿಂದ 14, ಮರುವರ್ಷ ಬ್ರಿಟಿಷ್ ಕೊಲಂಬಿಯಾದಿಂದ 17 ತೋಳಗಳನ್ನು ತಂದು ಅಲ್ಲಿ ಬಿಟ್ಟಿತು. ಉದ್ಯಾನದ ಉತ್ತರ ಭಾಗದ ಎಲ್ಕ್ ಹಿಂಡಿನಲ್ಲಿ 1994ರಲ್ಲಿ ಸುಮಾರು 19,000 ಪ್ರಾಣಿಗಳಿದ್ದವು. 2013ರ ಎಣಿಕೆಯಲ್ಲಿ ಸಿಕ್ಕಿದ್ದು 4,000ಕ್ಕಿಂತ ಕಡಿಮೆ.

ಬೇಟೆಗಾರರು ಸಿಟ್ಟಾದದ್ದು ಸಹಜ. ಮೊಂಟಾನಾದ ಗಾರ್ಡಿನರ್ ಊರಿನ ಸುತ್ತ ಚಳಿಗಾಲದಲ್ಲಿ ಎಲ್ಕ್ ಬೇಟೆಯೇ ಅನೇಕರ ದುಡಿಮೆಯಾಗಿತ್ತು. ಹಿಂಡು ಕರಗಿದಂತೆ ಪರವಾನಗಿಗಳು ಕಡಿಮೆಯಾಗಿ ಕೊನೆಗೆ ಆ ಚಳಿಗಾಲದ ಬೇಟೆಯೇ ನಿಂತಿತು. ಆದರೆ ಇಳಿಕೆಯ ಇಡೀ ಹೊಣೆ ತೋಳದ ಮೇಲೆ ಹೊರಿಸಲು ಬರುವುದಿಲ್ಲ. ಅದೇ ವರ್ಷಗಳಲ್ಲಿ ಎಲ್ಕ್ ಮರಿಗಳನ್ನು ತಿನ್ನುವ ಗ್ರಿಜ್ಲಿ ಕರಡಿಗಳು ಹೆಚ್ಚಿದವು, ಕೂಗರ್ ಎಂಬ ದೊಡ್ಡ ಕಾಡುಬೆಕ್ಕುಗಳು ಮರಳಿ ಬಂದವು, ಬರ ಬಂತು, 1996-97ರ ಚಳಿಗಾಲ ಕಠೋರವಾಗಿತ್ತು. ಇವುಗಳ ಜತೆಗೆ ಬಂದೂಕು ಬೇರೆ. ಇಲ್ಲಿ ನನಗೆ ಬಹಳ ಮುಖ್ಯ ಎನಿಸುವ ಒಂದು ಅಧ್ಯಯನವಿದೆ. ತೋಳಗಳು ಕೊಂದ ವಯಸ್ಕ ಹೆಣ್ಣು ಎಲ್ಕ್‌ಗಳ ಸರಾಸರಿ ವಯಸ್ಸು 14ರ ಹತ್ತಿರವಿತ್ತು. ಬೇಟೆಗಾರರು ಹೊಡೆದವುಗಳದ್ದು ಆರೂವರೆ. ಅಂದರೆ ತೋಳ ಹೆಚ್ಚಾಗಿ ತಿಂದದ್ದು ಮರಿ ಹಾಕುವ ಕಾಲ ಮುಗಿಯುತ್ತ ಬಂದ ಮುದಿ ಹೆಣ್ಣುಗಳನ್ನು. ಬಂದೂಕು ಉರುಳಿಸಿದ್ದು ಇನ್ನೂ ಹಲವು ಮರಿ ಹಾಕಬೇಕಿದ್ದವನ್ನು. ಹಿಂಡಿನ ನಾಳೆಯ ಮಟ್ಟಿಗೆ ಈ ಎರಡು ಸಾವುಗಳ ತೂಕ ಒಂದೇ ಅಲ್ಲ.

ಇನ್ನು ಇಡೀ ಮೊಂಟಾನಾ ರಾಜ್ಯವನ್ನು ನೋಡಿದರೆ ಚಿತ್ರ ತಿರುಗುತ್ತದೆ. 1992ರಲ್ಲಿ ಅಲ್ಲಿ ಸುಮಾರು 90,000 ಎಲ್ಕ್‌ಗಳಿದ್ದವು. ತೋಳ ಬಂದ ಮೇಲೆ ಆ ಸಂಖ್ಯೆ ಏರಿ ಲಕ್ಷವನ್ನು ಎಷ್ಟೋ ದಾಟಿದೆ. ಒಂದು ಕಣಿವೆಯಲ್ಲಿ ಬರಿದು, ಇನ್ನೊಂದರಲ್ಲಿ ತುಂಬು. ಗಾರ್ಡಿನರ್‌ನ ಬೇಟೆಗಾರನಿಗೆ ರಾಜ್ಯದ ಒಟ್ಟು ಲೆಕ್ಕ ಹೇಳಿ ಸಮಾಧಾನ ಮಾಡುವುದು ಅನ್ಯಾಯ.

ದನಗಾಹಿಗಳ ಕಥೆಯೂ ಇದೇ. ರೋಗ, ಹೆರಿಗೆಯ ತೊಂದರೆ, ಹಿಮಗಾಳಿಗಳಿಗೆ ಸಾಯುವ ದನಗಳ ಮುಂದೆ ತೋಳದ ಬಾಯಿಗೆ ಬಿದ್ದವು ಅತ್ಯಲ್ಪ. ಸರ್ಕಾರಿ ಲೆಕ್ಕ ಅಲ್ಲಿಗೆ ಮುಗಿಯುತ್ತದೆ, ರಾಂಚ್ ಎಂಬ ದೊಡ್ಡ ದನದ ಫಾರಂಗಳವರ ನಷ್ಟ ಮುಗಿಯುವುದಿಲ್ಲ. ಬೇಸಿಗೆಯಲ್ಲಿ ದನಗಳನ್ನು ಬೆಟ್ಟದ ಕಾಡಿಗೆ ಮೇಯಲು ಬಿಟ್ಟಿರುತ್ತಾರೆ. ಅಲ್ಲಿ ಸತ್ತ ಕರುವಿನ ಮೇಲೆ ಹದ್ದು, ಕರಡಿ ಬಿದ್ದ ಮೇಲೆ ತೋಳವೇ ಕೊಂದಿತೆಂದು ಸಾಬೀತು ಮಾಡುವುದು ಹೇಗೆ? ಐಡಹೊದಲ್ಲಿ ನಡೆದ ಒಂದು ಅಧ್ಯಯನದ ಪ್ರಕಾರ, ಪತ್ತೆಯಾದ ಒಂದು ಕರುವಿಗೆ ಪತ್ತೆಯಾಗದೆ ಹೋದವು ಎಂಟರವರೆಗೂ ಇರಬಹುದು. ಮೊಂಟಾನಾ ವಿಶ್ವವಿದ್ಯಾಲಯದವರು 18 ರಾಂಚ್‌ಗಳ ದಾಖಲೆ ತೆಗೆದು ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು: ತೋಳ ಸುತ್ತಮುತ್ತ ಓಡಾಡಿದ ಮಾತ್ರಕ್ಕೆ ಏನೂ ಆಗಿರಲಿಲ್ಲ. ಆದರೆ ಒಮ್ಮೆ ಕರು ಕೊಂದ ರಾಂಚ್‌ನಲ್ಲಿ, ಬದುಕುಳಿದ ಕರುಗಳೂ ಸರಾಸರಿ 10 ಕಿಲೊ ಕಡಿಮೆ ತೂಗಿದವು. ಕರುವನ್ನು ತೂಕಕ್ಕೆ ಮಾರುವ ಮನೆಗೆ ಇದು ಸತ್ತ ಕರುವಿಗಿಂತ ದೊಡ್ಡ ಪೆಟ್ಟು.

ಕಣ್ಣಿಗೆ ಕಾಣದ ಇಂಥ ನಷ್ಟವೂ ಲೆಕ್ಕಕ್ಕೆ ಬರಬೇಕೆಂಬ ಪಾಠವನ್ನು ಕೊಲರಾಡೊ ರಾಜ್ಯ ಸ್ವಲ್ಪ ಕಲಿತಿದೆ. ತೋಳವನ್ನು ಮರಳಿ ತರಬೇಕೇ ಎಂದು ಅಲ್ಲಿ 2020ರಲ್ಲಿ ಜನರ ಮತ ಕೇಳಿದರು. ಶೇ 51ಕ್ಕಿಂತ ಕಡಿಮೆ ಮಂದಿ ಹೌದೆಂದರು, ಪ್ರಸ್ತಾವ ಕೂದಲೆಳೆಯಲ್ಲಿ ಗೆದ್ದಿತು. ಹೌದೆಂದವರಲ್ಲಿ ಹೆಚ್ಚಿನವರು ನಗರಗಳವರು, ತೋಳ ಬಂದಿಳಿದದ್ದು ಬೇಡವೆಂದವರ ಬೆಟ್ಟಗಳಿಗೆ. 2023ರ ಡಿಸೆಂಬರ್‌ನಲ್ಲಿ ಆರಿಗಾನ್‌ನಿಂದ ತಂದ 10 ತೋಳಗಳನ್ನು ಬಿಟ್ಟರು, ಮುಂದಿನ ವಸಂತದಲ್ಲೇ ಕರುಗಳು ಸತ್ತವು. ಆದರೆ ಅಲ್ಲಿ ಪ್ರಾಣಿಯೊಂದಕ್ಕೆ 15,000 ಡಾಲರ್‌ವರೆಗೆ ಪರಿಹಾರವಿದೆ, ಇಳಿದ ತೂಕಕ್ಕೂ ಗಬ್ಬ ನಿಲ್ಲದ ಹಸುವಿಗೂ ಅರ್ಜಿ ಹಾಕಬಹುದು. ತೋಳ ಬೇಕೆಂದವರು ದುಡ್ಡು ತೆರುವುದೇ ನ್ಯಾಯ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಯೆಲ್ಲೋಸ್ಟೋನ್‌ನಲ್ಲಿ ತೋಳ ಎಲ್ಕ್‌ಗಳನ್ನು ಹದ್ದುಬಸ್ತಿನಲ್ಲಿಟ್ಟು, ಗಿಡಗಳು ಬೆಳೆದು, ನದಿಗಳ ಹರಿವೇ ಬದಲಾಯಿತು ಎಂಬ ವಿಡಿಯೊವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಕೆಲವು ಕಡೆ ವಿಲೋ ಗಿಡಗಳು ಎತ್ತರ ಬೆಳೆದದ್ದು ನಿಜ, ಬೇರೆ ಕಡೆಗಳಲ್ಲಿ ಇಪ್ಪತ್ತು ವರ್ಷ ಕಾದರೂ ಹೆಚ್ಚೇನೂ ಚೇತರಿಸಲಿಲ್ಲ. ತೋಳವನ್ನು ಉಳಿಸಲು ಇಂಥ ಪವಾಡದ ಕಥೆ ಬೇಕಾಗಿಲ್ಲ.

ತೋಳದ ದಾಳಿಯನ್ನು ತಡೆಯುವ ದಾರಿಗಳೂ ಇವೆ. ಐಡಹೊದ ವುಡ್ ರಿವರ್ ಸೀಮೆಯಲ್ಲಿ ಏಳು ವರ್ಷ ಕುರಿಗಳ ಜತೆ ಕಾವಲುಗಾರರು, ನಾಯಿಗಳು, ಬೆಳಕು, ಹಗ್ಗಕ್ಕೆ ಕಟ್ಟಿದ ಕೆಂಪು ಬಟ್ಟೆ ಬಳಸಿ ನೋಡಿದರು. ಈ ಕಾವಲು ಇಲ್ಲದ ಪಕ್ಕದ ಪ್ರದೇಶದಲ್ಲಿ ಕುರಿಗಳ ಸಾವು ಮೂರೂವರೆ ಪಟ್ಟು ಹೆಚ್ಚಿತ್ತು. ಹೊಲದಲ್ಲಿ ಕುರಿ ನಿಲ್ಲಿಸಿ, ನಾಯಿಗಳ ನಡುವೆ ಅಲ್ಲೇ ಮಲಗುವ ನಮ್ಮ ಕುರಿಗಾಹಿಗಳು ಈ ಕೆಲಸವನ್ನು ತಲೆಮಾರುಗಳಿಂದ ಮಾಡುತ್ತಿದ್ದಾರೆ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಈಗ ತೋಳಧಾಮವಿದೆ. ತೋಳ ನೋಡಲು ಆ ಕಡೆ ಹೋದರೆ, ದಾರಿಯಲ್ಲಿ ಸಿಗುವ ಕುರಿಗಾಹಿಯನ್ನೂ ಮಾತಾಡಿಸಿ. ಈ ವರ್ಷ ಎಷ್ಟು ಮರಿ ಹೋದವು, ಪರಿಹಾರ ಕೈಗೆ ಬಂತೇ ಎಂದು ಕೇಳಿ.