ಬೆಳ್ಳಿಗೆ ಬಗ್ಗುವ ರೋಗಾಣುಗಳು

ಮೊಳಕಾಲ್ಮುರಿನವರಿಗೆ ಬೆಳ್ಳಿ ಹೊಸದೇನಲ್ಲ. ಅಸಲಿ ಜರಿ ಎಂದರೆ ಬೆಳ್ಳಿಯ ಎಳೆಗೆ ಚಿನ್ನದ ಲೇಪ ಎಂಬುದು ಮಗ್ಗದ ಮನೆಯ ಮಕ್ಕಳಿಗೂ ಗೊತ್ತು. ಅದೇ ಬೆಳ್ಳಿ ಈಗ ‘ನ್ಯಾನೋ ಸಿಲ್ವರ್’ ಎಂಬ ಹೆಸರಿನಲ್ಲಿ ಔಷಧಿ ಅಂಗಡಿಯ ಟ್ಯೂಬಿನೊಳಗೆ ಸೇರಿಕೊಂಡಿದೆ. ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆ, ಕಾಲಿನಲ್ಲಿ ಹುಣ್ಣು, ಎರಡು ಮೂರು ಬಗೆಯ ಆಂಟಿಬಯಾಟಿಕ್ ನುಂಗಿದರೂ ಮಾಯುತ್ತಿಲ್ಲ ಎಂಬ ಗೋಳು ಚಳ್ಳಕೆರೆ ಸುತ್ತಿನ ಹಳ್ಳಿಗಳಲ್ಲೂ ಇದೆ. ‘ಬೆಳ್ಳಿ ಮುಲಾಮು ಹಚ್ಚಿದರೆ ವಾಸಿಯಾದೀತೇ ಡಾಕ್ಟ್ರೇ?’ ಎಂದು ಅಂಥವರು ಕೇಳುವುದು ಸಹಜ.

ಮೊದಲಿಗೆ, ಗುಳಿಗೆ ಏಕೆ ನಾಟುತ್ತಿಲ್ಲ? ಶೀತಕ್ಕೂ ಜ್ವರಕ್ಕೂ ಅಂಗಡಿಯವರನ್ನೇ ಕೇಳಿ ಆಂಟಿಬಯಾಟಿಕ್ ತಂದು, ಜ್ವರ ಇಳಿದೊಡನೆ ಬಿಟ್ಟುಬಿಡುವ ನಮ್ಮ ಅಭ್ಯಾಸ ಇದಕ್ಕೊಂದು ಮುಖ್ಯ ಕಾರಣ. ಔಷಧಿಯನ್ನು ತಡೆದುಕೊಂಡು ಬದುಕಿದ ರೋಗಾಣುಗಳೇ ಮುಂದೆ ಸಂತತಿ ಬೆಳೆಸುತ್ತವೆ. ಹೀಗೆ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾಗಳಿಂದ 2019ರಲ್ಲಿ ಪ್ರಪಂಚದಾದ್ಯಂತ ಸುಮಾರು 12.7 ಲಕ್ಷ ಜನ ಸತ್ತರೆಂದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ 2022ರಲ್ಲಿ ಪ್ರಕಟಿಸಿದ ಅಂದಾಜು ಹೇಳುತ್ತದೆ. ಗುಳಿಗೆಯ ಹಾಳೆಯ ಮೇಲೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿಯಿಲ್ಲದೆ ಅದನ್ನು ಕೊಳ್ಳಬೇಡಿ.

ಬೆಲ್ಲದ ಅಚ್ಚು, ಬೆಲ್ಲದ ಪುಡಿ

ಬೆಳ್ಳಿಯ ಗುಣ ವೈದ್ಯರಿಗೆ ಹಳೆಯ ಪರಿಚಯ. 1880ರ ದಶಕದಲ್ಲಿ ಜರ್ಮನಿಯ ಕ್ರೆಡೆ ಎಂಬ ವೈದ್ಯರು ಹಸುಗೂಸುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ ಎಷ್ಟೋ ಮಕ್ಕಳ ಕುರುಡುತನ ತಪ್ಪಿಸಿದರು. ಸುಟ್ಟ ಗಾಯಕ್ಕೆ ಹಚ್ಚುವ ಬಿಳಿಯ ಸಿಲ್ವರ್ ಸಲ್ಫಾಡಯಜಿನ್ ಮುಲಾಮು 1968ರಲ್ಲಿ ಬಂದದ್ದು. ನ್ಯಾನೋ ಎಂದರೆ ಅದೇ ಬೆಳ್ಳಿಯ ಅತಿ ಸೂಕ್ಷ್ಮ ಕಣ, ಅಷ್ಟೆ. ಮೀಟರಿನ ನೂರು ಕೋಟಿಯಲ್ಲೊಂದು ಭಾಗ ಒಂದು ನ್ಯಾನೋಮೀಟರ್. ಈ ಕಣಗಳ ಗಾತ್ರ 1ರಿಂದ 100 ನ್ಯಾನೋಮೀಟರ್. ಬೆಲ್ಲದ ಅಚ್ಚನ್ನು ಹಾಗೆಯೇ ನೀರಿಗೆ ಹಾಕಿದರೆ ಕರಗುವುದು ನಿಧಾನ, ಕುಟ್ಟಿ ಪುಡಿ ಮಾಡಿ ಹಾಕಿದರೆ ಬೇಗ. ಬೆಳ್ಳಿಯೂ ಹಾಗೆಯೇ: ಕಣ ಚಿಕ್ಕದಾದಷ್ಟೂ ಹೊರಮೈ ಹೆಚ್ಚು, ಅದರಿಂದ ಬಿಡುಗಡೆಯಾಗುವ ಅಯಾನುಗಳೂ ಹೆಚ್ಚು.

ಮಗುವಿನ ಬೆಳ್ಳಿ ಗೆಜ್ಜೆ ಕಪ್ಪಾಗುವುದನ್ನು ನೀವು ನೋಡಿದ್ದೀರಿ. ಬೆಳ್ಳಿ ಗಂಧಕದೊಡನೆ ಕೂಡಿಕೊಳ್ಳುವುದೇ ಅದಕ್ಕೆ ಕಾರಣ. ರೋಗಾಣುವಿನ ಪ್ರೋಟೀನುಗಳಲ್ಲೂ ಗಂಧಕವಿದೆ. ಬೆಳ್ಳಿಯ ಅಯಾನುಗಳು ಅಲ್ಲಿಗೂ ಹೋಗಿ ಅಂಟಿ ಅವುಗಳನ್ನು ಕೆಡಿಸುತ್ತವೆ, ಪೊರೆಯನ್ನು ಸಡಿಲಿಸುತ್ತವೆ, ಡಿಎನ್‌ಎಯನ್ನೂ ಬಿಡುವುದಿಲ್ಲ. ಆಂಟಿಬಯಾಟಿಕ್ ಸಾಮಾನ್ಯವಾಗಿ ಒಂದು ಜಾಗಕ್ಕೆ ಗುರಿಯಿಡುತ್ತದೆ, ಬೆಳ್ಳಿ ಏಕಕಾಲಕ್ಕೆ ಹಲವು ಕಡೆ ಹೊಡೆಯುತ್ತದೆ. ಔಷಧಿಗೆ ಬಗ್ಗದ ರೋಗಾಣುಗಳೂ ಪ್ರಯೋಗಾಲಯದಲ್ಲಿ ಬೆಳ್ಳಿಗೆ ಬಗ್ಗುವುದು ಇದರಿಂದ. ನಮ್ಮ ಗುಲ್ಬರ್ಗ ವಿಶ್ವವಿದ್ಯಾಲಯದವರು ಶಿಲೀಂಧ್ರದ ನೆರವಿನಿಂದ ಇಂಥ ಕಣಗಳನ್ನು ತಯಾರಿಸಿ 2008ರಲ್ಲಿ ವರದಿ ಮಾಡಿದ್ದಾರೆ. 2013ರಲ್ಲಿ ಅಮೆರಿಕದ ಬಾಸ್ಟನ್ ವಿಜ್ಞಾನಿಗಳು ಬೆಳ್ಳಿಯ ಜೊತೆ ಕೊಟ್ಟ ಆಂಟಿಬಯಾಟಿಕ್ ಹೆಚ್ಚು ಪರಿಣಾಮಕಾರಿ ಎಂದು ತೋರಿಸಿದರು. ಆದರೆ ಅದು ಇಲಿಗಳಲ್ಲಿ, ಮನುಷ್ಯರಲ್ಲಲ್ಲ.

ಬೆಳ್ಳಿಗೂ ಜಗ್ಗದವು

ಅದೇ ಬಾಸ್ಟನ್ನಿನ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಸಿಲ್ವರ್ ನೈಟ್ರೇಟಿಗೂ ಬಗ್ಗದ ಸಾಲ್ಮೊನೆಲ್ಲಾ ಕಾಣಿಸಿಕೊಂಡದ್ದು 1975ರಲ್ಲೇ ವರದಿಯಾಗಿದೆ. ಆದ್ದರಿಂದ ತರಚು ಗಾಯಕ್ಕೆಲ್ಲ ಬೆಳ್ಳಿ ಬೇಡ. ಸೋಪು, ನೀರು ಸಾಕು. ಬಿಸಿ ಎಣ್ಣೆ ಸಿಡಿದರೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ. ಟೂತ್‌ಪೇಸ್ಟ್, ಇಂಕು ಬಳಿಯಬೇಡಿ. ಸಲ್ಫಾ ಅಲರ್ಜಿ ಇರುವವರು, ತುಂಬು ಗರ್ಭಿಣಿಯರು, ಎರಡು ತಿಂಗಳೊಳಗಿನ ಕೂಸುಗಳು ಸಿಲ್ವರ್ ಸಲ್ಫಾಡಯಜಿನ್ ಬಳಸುವಂತಿಲ್ಲ.

ಬೆಳ್ಳಿ ಲೋಟದಲ್ಲಿ ನೀರು ಕುಡಿಯಲು ನನ್ನ ಅಡ್ಡಿಯೇನಿಲ್ಲ. ಆದರೆ ‘ಬೆಳ್ಳಿ ದ್ರಾವಣ’ವನ್ನು ಔಷಧಿಯೆಂದು ಕುಡಿದರೆ ಚರ್ಮ ಶಾಶ್ವತವಾಗಿ ನೀಲಿ ಬೂದು ಬಣ್ಣಕ್ಕೆ ತಿರುಗಬಹುದು. ಮೂತ್ರಕೋಶದ, ಶ್ವಾಸಕೋಶದ ಸೋಂಕಿಗೆ ಬೆಳ್ಳಿ ಮದ್ದಲ್ಲ.

ಇನ್ನು ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು. ಅಲ್ಲಿ ಬೆಳ್ಳಿಯದು ಸಹಾಯಕನ ಪಾತ್ರ ಮಾತ್ರ. ಸತ್ತ ಮಾಂಸವನ್ನು ವೈದ್ಯರು ತೆಗೆಯಬೇಕು, ಯಾವ ಆಂಟಿಬಯಾಟಿಕ್ ನಾಟುತ್ತದೆಂದು ತಿಳಿಯಲು ಹುಣ್ಣಿನ ಕಲ್ಚರ್ ಪರೀಕ್ಷೆ ಮಾಡಿಸಬೇಕು, ಸಕ್ಕರೆ ಹತೋಟಿಗೆ ಬರಬೇಕು, ಆ ಕಾಲಿನ ಮೇಲೆ ಭಾರ ಬೀಳಬಾರದು. ಹುಣ್ಣಿನ ಸುತ್ತ ಕೆಂಪು ಹರಡಿದರೆ, ಅಂಚು ಕಪ್ಪಾದರೆ, ದುರ್ವಾಸನೆ ಅಥವಾ ಚಳಿಜ್ವರ ಬಂದರೆ ಮುಲಾಮು ಬದಿಗಿಟ್ಟು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ನೋವಿಲ್ಲವೆಂದು ಕಾಯಬೇಡಿ, ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಮರಗಟ್ಟಿರುವುದರಿಂದ ನೋವು ಗೊತ್ತಾಗದೇ ಇರಬಹುದು.