ಮುಂದಿನ ಗಾಲಿಯ ಕೀಲು ಸವೆದಾಗ

ಹಳೆಯ ಮೋಟಾರು ಗಾಡಿಯೊಂದು ನಿಧಾನವಾಗಿ ಮೂಲೆ ತಿರುಗುತ್ತಿದೆ ಎಂದಿಟ್ಟುಕೊಳ್ಳೋಣ. ಒಮ್ಮೆಲೇ ಮುಂದಿನ ಒಂದು ಗಾಲಿ ಮಡಿಚಿಕೊಂಡು ಮಡ್‌ಗಾರ್ಡಿನ ಅಡಿಗೆ ಸೇರುತ್ತದೆ. ಗಾಡಿಯ ಮೂಗು ನೆಲಕ್ಕೆ ತಾಗುತ್ತದೆ. ಎಂಜಿನು ಕೆಟ್ಟಿಲ್ಲ, ಟೈರು ಒಡೆದಿಲ್ಲ. ಒಂದು ತಿರುಪು ತನ್ನ ಗೂಡಿನಿಂದ ಕಳಚಿಕೊಂಡಿದೆ, ಅಷ್ಟೆ. ಇದೇ ವೇಗದ ಓಟದಲ್ಲಿ ಆಗಿದ್ದರೆ ಗಾಡಿಯಲ್ಲಿದ್ದವರ ಗತಿ ಏನೆಂಬುದನ್ನು ವಾಚಕರೇ ಊಹಿಸಬಹುದು.

ಮಾರಿಸ್ ಮೈನರ್ ಗಾಡಿಯ ಒಡೆಯರಿಗೆ ಈ ಅಪಾಯ ಚೆನ್ನಾಗಿ ಪರಿಚಿತವಾದುದು. ಅಲೆಕ್ ಇಸಿಗೋನಿಸ್ ರೂಪಿಸಿದ ಈ ಗಾಡಿ 1948ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದಿತು. 1970ರ ದಶಕದ ಆರಂಭದವರೆಗೆ ಹದಿನಾರು ಲಕ್ಷಕ್ಕೂ ಹೆಚ್ಚು ಗಾಡಿಗಳು ತಯಾರಾದವು. ನಮ್ಮ ದೇಶದಲ್ಲಿಯೂ ‘ಬೇಬಿ ಹಿಂದೂಸ್ತಾನ್’ ಎಂಬ ಹೆಸರಿನಿಂದ ಇದು ಓಡಾಡಿತು. ಇಂದಿಗೂ ಅನೇಕರು ಇದನ್ನು ಅಕ್ಕರೆಯಿಂದ ಉಳಿಸಿಕೊಂಡಿದ್ದಾರೆ.

ಇದರ ಮುಂದಿನ ಗಾಲಿಯನ್ನು ಹೊತ್ತಿರುವುದು ನೆಟ್ಟಗೆ ನಿಂತ ಒಂದು ಉಕ್ಕಿನ ಗೂಟ. ಗ್ಯಾರೇಜುಗಳಲ್ಲಿ ಇದಕ್ಕೆ ಕಿಂಗ್ ಪಿನ್ ಎನ್ನುವುದು ರೂಢಿ. ಇದರ ಎರಡು ತುದಿಗಳಲ್ಲಿಯೂ ತಿರುಪಿನ ಸುತ್ತುಗಳನ್ನು, ಎಂದರೆ ಕೆಲಸಗಾರರು ‘ಮರೆ’ ಎನ್ನುವುದನ್ನು, ಕೊರೆದಿರುತ್ತಾರೆ. ಬೋಲ್ಟು ನಟ್ಟಿನೊಳಗೆ ಸೇರುವಂತೆ ಈ ತುದಿಗಳು ಟ್ರನಿಯನ್ ಎಂಬ ಎರಡು ಲೋಹದ ಗೂಡುಗಳೊಳಗೆ ಸೇರಿಕೊಂಡಿವೆ. ಮೇಲಿನ ಟ್ರನಿಯನ್ನು ಕುಲುಕಾಟವನ್ನು ತಡೆಯುವ ಡ್ಯಾಂಪರಿನ ತೋಳಿಗೂ, ಕೆಳಗಿನದು ಕೆಳತೋಳಿಗೂ ಜೋಡಣೆಯಾಗಿವೆ. ಕೆಳತೋಳಿನ ಒಳತುದಿಗೆ ಟಾರ್ಷನ್ ಬಾರ್ ಎಂಬ ಉದ್ದನೆಯ ಉಕ್ಕಿನ ಸರಳು ಸೇರಿದೆ. ಅದು ಗಾಡಿಯ ಅಡಿಯಲ್ಲಿ ಹಿಂದಕ್ಕೆ ಹೋಗಿ ಚೌಕಟ್ಟಿನಲ್ಲಿ ಭದ್ರವಾಗಿ ನಿಂತಿದೆ. ಗಾಲಿ ಮೇಲೇರಿದಾಗ ಈ ಸರಳು ತಿರುಚಿಕೊಳ್ಳುತ್ತದೆ. ಸ್ಪ್ರಿಂಗಿನ ಕೆಲಸವನ್ನು ಮಾಡುವುದು ಇದೇ.

ಭಾರ ಸಾಗುವ ದಾರಿಯನ್ನು ಈಗ ನೋಡೋಣ. ನೆಲವು ಗಾಲಿಯನ್ನೂ ಅದರೊಡನೆ ಪಿನ್ನನ್ನೂ ಮೇಲಕ್ಕೆ ತಳ್ಳುತ್ತದೆ. ಟಾರ್ಷನ್ ಬಾರು ಕೆಳತೋಳನ್ನೂ ಅದರ ತುದಿಯ ಟ್ರನಿಯನ್ನನ್ನೂ ಕೆಳಕ್ಕೆ ಅದುಮುತ್ತದೆ. ಪಿನ್ನು ಟ್ರನಿಯನ್ನಿನೊಳಕ್ಕೆ ಮೇಲಿನಿಂದ ಇಳಿದಿರುವುದಷ್ಟೆ? ಆದುದರಿಂದ ಈ ಎರಡು ಬಲಗಳೂ ಸೇರಿ ಅವುಗಳನ್ನು ಒಂದರಿಂದೊಂದು ಎಳೆದು ಬೇರ್ಪಡಿಸಲು ಸದಾ ಹವಣಿಸುತ್ತವೆ. ಬಾವಿಯ ಕೊಡವು ಹಗ್ಗಕ್ಕೆ ತೂಗುವಂತೆ, ಗಾಡಿಯ ಆ ಮೂಲೆಯ ಭಾರವು ಕೆಲವೇ ಮರೆಗಳಿಗೆ ತೂಗಿಕೊಂಡಿರುತ್ತದೆ. ಗಾಡಿ ಗುಂಡಿಗೆ ಇಳಿದಾಗ ಆ ಸೆಳೆತ ಮತ್ತಷ್ಟು ಹೆಚ್ಚುವುದು.

ಇನ್ನು ಘರ್ಷಣೆಯ ಮಾತು. ವೇಗವಾಗಿ ಸುತ್ತುವ ದಂಡವು ತನ್ನ ಸುತ್ತಲಿನ ಎಣ್ಣೆಯನ್ನು ತಾನೇ ಒಳಕ್ಕೆಳೆದುಕೊಂಡು, ಅದರ ತೆಳುಪೊರೆಯ ಮೇಲೆ ತೇಲುತ್ತದೆ. ಕಿಂಗ್ ಪಿನ್ನಿಗೆ ಆ ಭಾಗ್ಯವಿಲ್ಲ. ಸ್ಟಿಯರಿಂಗನ್ನು ಪೂರ್ತಿಯಾಗಿ ತಿರುಗಿಸಿದರೂ ಅದು ಸುತ್ತುವುದು ಒಂದು ಸುತ್ತಿನ ಸಣ್ಣ ಭಾಗ ಮಾತ್ರ, ಅದೂ ಬಹು ನಿಧಾನವಾಗಿ. ಆದುದರಿಂದ ಅದೇ ಲೋಹ ಅದೇ ಲೋಹವನ್ನು ಉಜ್ಜುತ್ತಿರುತ್ತದೆ. ನಡುವೆ ಗ್ರೀಸು ಇದ್ದರೆ ಸರಿ. ಇಲ್ಲದಿದ್ದರೆ ನೀರು ಸೇರಿ ತುಕ್ಕು ಹಿಡಿಯುತ್ತದೆ. ತುಕ್ಕು ಮತ್ತು ರಸ್ತೆಯ ಧೂಳು ಬೆರೆತು ಸಾಣೆಯ ಪುಡಿಯಂತೆ ಮರೆಯನ್ನು ತಿನ್ನುತ್ತವೆ.

ಸವೆತವನ್ನು ಕಂಡುಹಿಡಿಯುವುದು ಸುಲಭ. ಗಾಲಿಯನ್ನು ನೆಲದಿಂದ ಎತ್ತಿ, ಅದರ ಮೇಲಂಚನ್ನೂ ಕೆಳಂಚನ್ನೂ ಹಿಡಿದು ಅಲುಗಾಡಿಸಬೇಕು. ಸಡಿಲು ಕಂಡುಬಂದರೆ ಇನ್ನೊಬ್ಬರು ಬ್ರೇಕನ್ನು ಒತ್ತಿ ಹಿಡಿಯಲಿ. ಆಗ ಸಡಿಲು ಮಾಯವಾದರೆ ದೋಷ ಗಾಲಿಯ ಬೇರಿಂಗಿನಲ್ಲಿದೆ, ಏಕೆಂದರೆ ಬ್ರೇಕು ಗಾಲಿಯನ್ನೂ ಪಿನ್ನನ್ನೂ ಒಂದಾಗಿಸುತ್ತದೆ. ಆಗಲೂ ಅಲುಗಾಡಿದರೆ ಪಿನ್ನನ್ನೂ ಟ್ರನಿಯನ್ನನ್ನೂ ಸಂದೇಹಿಸಬೇಕು. ಇಷ್ಟು ಸರಳವಾದ ಪರೀಕ್ಷೆಯನ್ನು ಮಾಡದೆ ಬಣ್ಣಕ್ಕೂ ಸೀಟಿನ ಬಟ್ಟೆಗೂ ಹಣ ಸುರಿಯುವವರನ್ನು ಕಂಡರೆ ನಮಗೆ ಆಶ್ಚರ್ಯವಾಗುತ್ತದೆ.

ರಿಪೇರಿಗೆ ತೊಡಗುವವರು ಟಾರ್ಷನ್ ಬಾರನ್ನು ಮರೆಯಬಾರದು. ಗಾಲಿಯ ಮೇಲಿನ ಭಾರ 200 ಕಿಲೋಗ್ರಾಮ್, ಎಂದರೆ ಸುಮಾರು 2000 ನ್ಯೂಟನ್ ಎಂದೂ, ಅದರಿಂದ ತೋಳಿನ ತುದಿ 10 ಸೆಂಟಿಮೀಟರ್ ಸರಿದಿದೆಯೆಂದೂ ಭಾವಿಸೋಣ. ಸರಳಿನಲ್ಲಿ ಅಡಗಿರುವ ಶಕ್ತಿ ಇವುಗಳ ಗುಣಲಬ್ಧದ ಅರ್ಧ, ಅಂದರೆ 100 ಜೂಲ್. ಹತ್ತು ಕಿಲೋಗ್ರಾಮಿನ ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದಂತೆ! ಆದುದರಿಂದ ಮೊದಲು ಗಾಡಿಯ ಚೌಕಟ್ಟಿನ ಕೆಳಗೆ ಗಟ್ಟಿಯಾದ ಸ್ಟ್ಯಾಂಡುಗಳನ್ನು ನಿಲ್ಲಿಸಬೇಕು. ಅನಂತರ ಕೆಳತೋಳಿನ ಅಡಿಗೆ ಜಾಕಿಯನ್ನು ಕೊಟ್ಟು, ಕೀಲನ್ನು ಬಿಚ್ಚಿ, ಜಾಕಿಯನ್ನು ಮೆಲ್ಲಗೆ ಇಳಿಸುತ್ತ ಸರಳಿನ ತಿರುಚನ್ನು ಸಡಿಲಿಸಬೇಕು. ಜಾಕಿಯೊಂದನ್ನೇ ನಂಬಿ ಗಾಡಿಯ ಅಡಿಗೆ ಹೋಗುವುದು ಹುಚ್ಚುತನ.

ಸವೆದ ಪಿನ್ನಿಗೆ ಹೊಸ ಟ್ರನಿಯನ್ನನ್ನು ಹಾಕುವುದು ದುಡ್ಡಿನ ಉಳಿತಾಯವಲ್ಲ. ಸವೆದ ಮರೆ ಹೊಸ ಮರೆಯನ್ನು ಕೆಲವೇ ಎಡೆಗಳಲ್ಲಿ ಮುಟ್ಟುವುದರಿಂದ ಅಲ್ಲೆಲ್ಲ ಒತ್ತಡ ಹೆಚ್ಚಿ ಹೊಸದೂ ಬೇಗ ಹಾಳಾಗುತ್ತದೆ. ಎರಡನ್ನೂ ಜೊತೆಯಾಗಿಯೇ ಬದಲಾಯಿಸಬೇಕು. ಎಡದ ಭಾಗಗಳೂ ಬಲದ ಭಾಗಗಳೂ ಬೇರೆ ಬೇರೆ, ಅದಲುಬದಲಾಗಬಾರದು. ತೋಳಿನ ರಬ್ಬರು ಬುಷ್‌ಗಳ ನಟ್ಟುಗಳನ್ನು ಗಾಡಿ ತನ್ನ ಗಾಲಿಗಳ ಮೇಲೆ ನಿಂತಾಗಲೇ ಕೊನೆಯದಾಗಿ ಬಿಗಿಯಬೇಕು. ಗಾಲಿ ಜೋತುಬಿದ್ದಿರುವಾಗ ಬಿಗಿದರೆ, ಗಾಡಿಯನ್ನು ಇಳಿಸಿದೊಡನೆ ರಬ್ಬರು ತಿರುಚಿಕೊಂಡು ಸದಾ ಹಾಗೆಯೇ ಉಳಿದು ಬೇಗ ಹರಿಯುತ್ತದೆ. ಬಳಿಕ ಮುಂದಿನ ಗಾಲಿಗಳ ಜೋಡಣೆಯನ್ನು ಅಳತೆ ಮಾಡಿಸಬೇಕು.

ಗ್ರೀಸು ತುಂಬುವಾಗಲೂ ಗಾಲಿಯನ್ನು ನೆಲದಿಂದ ಎತ್ತಿ, ಕೆಳತೋಳಿಗೆ ಜಾಕಿಯ ಆಸರೆ ಕೊಡುವುದು ಮೇಲು. ಭಾರವಿದ್ದಾಗ ಮರೆಗಳ ಒಂದು ಮಗ್ಗುಲು ಬಿಗಿಯಾಗಿ ಒತ್ತಿಕೊಂಡಿದ್ದು, ಗ್ರೀಸು ಬೇಕಾದೆಡೆಗೆ ನುಗ್ಗಲಾರದು. ಭಾರ ತಪ್ಪಿದಾಗ ಸಂದು ತೆರೆಯುತ್ತದೆ. ಹಳೆಯ ಕಪ್ಪು ಗ್ರೀಸು ಹೊರಬಂದು ಹೊಸದು ಕಾಣಿಸಿಕೊಳ್ಳುವವರೆಗೂ ಗ್ರೀಸ್ ಗನ್ನನ್ನು ಒತ್ತುತ್ತಿರಬೇಕು.