ಕಸಿದ ಹತಾರ, ಕೊಟ್ಟ ಪರವಾನಗಿ

ಮೊಳಕಾಲ್ಮೂರು ಸೀಮೆಯ ರೈತನೊಬ್ಬ ಶೇಂಗಾ ಹೊಲ ಕಾಯಲು ಬಂದೂಕು ಇಟ್ಟುಕೊಳ್ಳಬೇಕೆಂದರೆ ಅರ್ಜಿ ಹೋಗಬೇಕಾದ್ದು ಚಿತ್ರದುರ್ಗಕ್ಕೆ. ಜಿಲ್ಲಾಧಿಕಾರಿಯೇ ಜಿಲ್ಲಾ ದಂಡಾಧಿಕಾರಿಯೂ ಆಗಿರುವುದರಿಂದ ಪರವಾನಗಿ ಕೊಡುವ ಅಧಿಕಾರ ಅವರದು. ಅರ್ಜಿಯ ಜೊತೆ ಪಹಣಿ, ಫೋಟೊ, ಗುರುತಿನ ಚೀಟಿ. ಬೆನ್ನಿಗೇ ಪೊಲೀಸ್ ಠಾಣೆಯ ವಿಚಾರಣೆ. ಎಲ್ಲ ಮುಗಿದು ಕೈಗೆ ಬರುವ ಲೈಸೆನ್ಸಿನಲ್ಲಿ ಬಂದೂಕಿನ ನಂಬರು, ಅದರ ಬಗೆ, ಎಷ್ಟು ತೋಟಾ ಇಟ್ಟುಕೊಳ್ಳಬಹುದು, ಯಾವ ಸೀಮೆಯೊಳಗೆ ಒಯ್ಯಬಹುದು ಎಂಬುದೆಲ್ಲ ನಮೂದಾಗಿರುತ್ತದೆ. ಈ ಕಾಗದದ ಹಿಂದೆ ನೂರೈವತ್ತು ವರ್ಷ ಮೀರಿದ ಚರಿತ್ರೆಯಿದೆ. ಕನ್ನಡ ನಾಡಿನ ಮಟ್ಟಿಗೆ ಅದು ಶುರುವಾದದ್ದು ಬೇಡರ ರಕ್ತದಿಂದ. ಚಳ್ಳಕೆರೆ, ಮೊಳಕಾಲ್ಮೂರುಗಳು ಬೇಡರದೇ ಕವಲಾದ ಮ್ಯಾಸಬೇಡರ ತವರು. ಹಾಗಾಗಿ ಈ ಕಥೆಯನ್ನು ಇಲ್ಲಿ ನಿಂತೇ ಹೇಳಬೇಕು.

1857ರಲ್ಲಿ ಉತ್ತರ ಭಾರತದ ಸಿಪಾಯಿಗಳು ತಿರುಗಿಬಿದ್ದಾಗ ಕಂಪನಿ ಸರ್ಕಾರ ಅವಸರದಲ್ಲಿ ಒಂದು ಕಾಯ್ದೆ ತಂದಿತು. ಆಯುಧಗಳ ಆಮದು, ತಯಾರಿಕೆ, ಮಾರಾಟ, ಅವನ್ನು ಇಟ್ಟುಕೊಳ್ಳುವ ಹಕ್ಕು ಎಲ್ಲಕ್ಕೂ ಅದು ಕಡಿವಾಣ ಹಾಕಿತು. ನಾವು ನಿಶ್ಶಸ್ತ್ರೀಕರಣ ಕಾಯ್ದೆ ಎಂದು ಪಠ್ಯಪುಸ್ತಕದಲ್ಲಿ ಓದಿದ್ದು ಇದನ್ನೇ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಹತಾರವೆಂದರೆ ಹೊಟ್ಟೆಪಾಡು, ಹೆಗಲ ಮೇಲಿನ ಮರ್ಯಾದೆ. ಅದನ್ನು ಒಪ್ಪಿಸಲು ಅವರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ಕಂಪನಿಯ ದಂಡು ಊರಿಗೆ ನುಗ್ಗಿ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಜಡಗ, ಬಾಲ, ರಾಮ, ಹನುಮ ಎಂಬ ಹೆಸರುಗಳು ಇವತ್ತಿಗೂ ಉಳಿದಿರುವುದು ಲಾವಣಿಯ ದೆಸೆಯಿಂದ.

ಇಪ್ಪತ್ತು ವರ್ಷ ಕಳೆದ ಮೇಲೆ ವೈಸರಾಯ್ ಲಿಟ್ಟನ್ ಕಾಲದ 1878ರ ಆಯುಧ ಕಾಯ್ದೆ ಆ ಅವಸರದ ಕಟ್ಟಳೆಯನ್ನು ಕಾಯಂ ಮಾಡಿತು. ಬಿಳಿಯರಿಗೆ ವಿನಾಯಿತಿ, ಈ ನೆಲದವರಿಗೆ ಪರವಾನಗಿ. ಮೊಳಕಾಲ್ಮೂರಿನ ಗಡಿಯಾಚೆಗಿನ ರಾಯದುರ್ಗ, ಬಳ್ಳಾರಿಗಳು ಆಗ ಮದ್ರಾಸ್ ಪ್ರೆಸಿಡೆನ್ಸಿಯವು. ಅಲ್ಲಿ ಕುರಿ ಕಾಯುವವನ ಹೆಗಲ ಮೇಲಿನ ಬಂದೂಕೂ ಕಲೆಕ್ಟರನ ದಫ್ತರಿಗೆ ಸೇರಿತು.

ಈ ಎರಡು ಕಾಯ್ದೆಗಳ ನಡುವೆ ಕೊಡಗಿನಲ್ಲಿ ನಡೆದದ್ದು ಪೂರಾ ಬೇರೆ. ಕೊಡವರು ದಂಗೆಯಲ್ಲಿ ಬ್ರಿಟಿಷರ ಪರ ನಿಂತರೆಂದು ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಅವರಿಗೆ ನಿಶ್ಶಸ್ತ್ರೀಕರಣದಿಂದ ವಿನಾಯಿತಿ ಸಾರಿದ. ಸ್ವಾತಂತ್ರ್ಯ ಬಂದ ಮೇಲೂ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂ ಮುಡಿಸಿ ಪೂಜಿಸುವ ಆ ಜನರ ಬಗ್ಗೆ ನನಗೆ ಗೌರವವಿದೆ. ಅವರ ಕೋವಿ ಕಸಿಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಒಂದೇ ರಾಜ್ಯದಲ್ಲಿ ಒಂದು ಸಮುದಾಯಕ್ಕೆ ಕೋವಿ ವಂಶಪಾರಂಪರ್ಯದ ಹಕ್ಕಾಗಿ ಉಳಿದು, ಬೇಟೆಯಿಂದಲೇ ಹೆಸರು ಪಡೆದ ಇನ್ನೊಂದು ಸಮುದಾಯಕ್ಕೆ ಅದು ಸರ್ಕಾರಿ ಕಚೇರಿಯ ಕೃಪೆಯಾದದ್ದಕ್ಕೆ ಮೂಲ ಕಾರಣ 1857ರಲ್ಲಿ ಯಾರು ಯಾವ ಕಡೆ ನಿಂತರು ಎಂಬುದು. ಇದನ್ನು ಮರೆಯಬಾರದು.

ಆಯುಧ ಕಸಿದ ಅವಮಾನ ಸ್ವಾತಂತ್ರ್ಯ ಹೋರಾಟಗಾರರಿಗೆ ನೆನಪಿತ್ತು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ಮತ್ತೆ ಎತ್ತಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಅಂಬೇಡ್ಕರ್ ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ದೇಶ ವಿಭಜನೆಯ ಗಾಯ ಹಸಿಯಾಗಿದ್ದ ದಿನಗಳವು. ಬಂದೂಕನ್ನು ಹಕ್ಕಾಗಿಸದೆ ಪರವಾನಗಿಯ ಕೆಳಗಿಟ್ಟದ್ದು ಸರಿಯಾದ ತೀರ್ಮಾನವೆಂದೇ ನನ್ನ ಎಣಿಕೆ.

ಆ ತೀರ್ಮಾನದ ಮೇಲೆ ನಿಂತದ್ದು 1959ರ ಆಯುಧ ಕಾಯ್ದೆ. ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ಇವತ್ತಿಗೂ ಇದೇ ನಮ್ಮ ಕಾನೂನು. ಪರವಾನಗಿ ಇಲ್ಲದೆ ಬಂದೂಕು ಹೊಂದುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಬಯಲುಸೀಮೆಯ ರೈತರು ಗೊತ್ತುಮಾಡಿಕೊಳ್ಳಬೇಕಾದ ಎರಡು ಮಾತು ಅದರ ಒಳಪುಟಗಳಲ್ಲಿವೆ. 13ನೇ ಕಲಮಿನ ಪ್ರಕಾರ, ಬೆಳೆ ರಕ್ಷಣೆಯ ನಿಜವಾದ ಅಗತ್ಯಕ್ಕೆ ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕು ಕೇಳಿದರೆ ಅಧಿಕಾರಿ ಪರವಾನಗಿ ಕೊಡಲೇಬೇಕು. ಆ ಬಂದೂಕು ಬೆಳೆ ಕಾಯಲು ಸಾಲದು ಎಂದು ಮನವರಿಕೆಯಾದರೆ ಒಳಮೈ ನುಣುಪಾದ ನಳಿಗೆಯ ಬೇರೆ ಬಂದೂಕಿಗೂ ಕೊಡಬಹುದು. ಇದಕ್ಕೂ ದೊಡ್ಡ ಮಾತು 14ನೇ ಕಲಮಿನಲ್ಲಿದೆ. ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸುವಂತಿಲ್ಲ. ಬಂದೂಕು ಸಾಹುಕಾರರ, ಪಟೇಲರ ಮನೆಯ ಗೋಡೆಯ ಅಲಂಕಾರವಾಗಿದ್ದ ಕಾಲದಲ್ಲಿ ಸಂಸತ್ತು ಬರೆದ ಮಾತಿದು. ಎರಡೆಕರೆ ಖುಷ್ಕಿಯವನನ್ನೂ ಎಣಿಕೆಗೆ ತಂದುಕೊಂಡ ಮಾತು.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಬೆಳೆ ಕಾಯುವ ಆ ಅಗತ್ಯ ಎಂಥದ್ದು? ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ನೆಲ ಇದು. ಬಿದ್ದ ನಾಲ್ಕು ಹನಿ ನಂಬಿ ಶೇಂಗಾ ಬಿತ್ತುತ್ತಾರೆ. ಚಳ್ಳಕೆರೆಗೆ ಎಣ್ಣೆ ನಗರವೆಂಬ ಹೆಸರು ತಂದದ್ದೇ ಈ ಕಾಯಿ. ಕಾಯಿ ಬಲಿಯುವ ಹೊತ್ತಿಗೆ ಹಂದಿ ಹಿಂಡು ಇಳಿದರೆ ಒಂದೇ ರಾತ್ರಿಯಲ್ಲಿ ಸಾಲಿಗೆ ಸಾಲು ಉತ್ತಂತೆ ಮಗುಚಿಬೀಳುತ್ತದೆ. ಕಲ್ಲುಗುಡ್ಡಗಳ ಸಂದಿಯಿಂದ ಕರಡಿಯೂ ಬರುತ್ತದೆ. ಅಟ್ಟಣೆ ಮೇಲೆ ಕೂತವನ ಕೈಯಲ್ಲಿ ಇರುವುದು ತಮಟೆ, ಪಟಾಕಿ, ಬ್ಯಾಟರಿ. ಮದ್ದಿನ ಬಂದೂಕು ಇದ್ದರೂ ಅದರ ಬಲ ಅಷ್ಟಕ್ಕಷ್ಟೆ. ನಳಿಗೆಗೆ ಕರಿಮದ್ದು ಸುರಿದು, ನಾರು ತುರುಕಿ, ಸರಳಿನಿಂದ ಜಡಿದು, ಚರೆ ಹಾಕಿ ಒಂದು ಈಡು ಹೊಡೆದರೆ ಇನ್ನೊಂದು ಈಡಿಗೆ ಅಷ್ಟೂ ಕೆಲಸ ಮೊದಲಿಂದ ಆಗಬೇಕು. ಹೀಗಾಗಿ ಹೊಲದಲ್ಲಿ ಅದು ಕೊಲ್ಲುವುದಕ್ಕಿಂತ ಬೆದರಿಸುವುದಕ್ಕೇ ಹೆಚ್ಚು ಒದಗುವ ಸಾಧನ.

ಬೆದರಿಸುವುದಕ್ಕೂ ಕೊಲ್ಲುವುದಕ್ಕೂ ನಡುವೆ ಗೆರೆ ಎಳೆದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ವಾಡಿಕೆಯ ಯುಗಾದಿ ಬೇಟೆಯೂ ಅಲ್ಲಿಗೆ ಅಪರಾಧವಾಯಿತು. ಬಂದೂಕಿಗೆ ಪರವಾನಗಿ ಇದ್ದ ಮಾತ್ರಕ್ಕೆ ಹಂದಿಗೆ ಗುರಿ ಇಡುವಂತಿಲ್ಲ. ಬೆಳೆ ಹಾಳುಮಾಡುವ ಪ್ರಾಣಿಯನ್ನು ಕೊಲ್ಲಲು ಅರಣ್ಯಾಧಿಕಾರಿಯ ಲಿಖಿತ ಆದೇಶ ಬೇರೆಯೇ ಬೇಕು. ಕರಡಿಗಂತೂ ಕಾನೂನಿನ ಅತಿ ಗಟ್ಟಿ ರಕ್ಷಣೆಯಿದೆ. ಅಭಯಾರಣ್ಯದ ಹತ್ತು ಕಿಲೋಮೀಟರ್ ಒಳಗಿರುವ ಪರವಾನಗಿದಾರರು ವನ್ಯಜೀವಿ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಅಲ್ಲಿ ಹೊಸ ಪರವಾನಗಿಗೆ ಇಲಾಖೆಯ ಒಪ್ಪಿಗೆ ಬೇಕು. ನೆರೆಯ ಕೂಡ್ಲಿಗಿ ತಾಲ್ಲೂಕಿನಲ್ಲಿ ಗುಡೇಕೋಟೆ ಕರಡಿಧಾಮ ಬಂದ ಮೇಲೆ ಸುತ್ತಲಿನ ಊರುಗಳಿಗೆ ಈ ಹತ್ತು ಕಿಲೋಮೀಟರ್ ಲೆಕ್ಕ ಬದುಕಿನ ಲೆಕ್ಕವಾಗಿದೆ.

ಈ ಗೆರೆಯನ್ನು ನಾನು ದೂರುವುದಿಲ್ಲ. 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದ ಅಶೋಕನ ಶಾಸನಗಳು ಇರುವುದು ಇದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ. ತಂದೆತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎನ್ನುವ ಆ ಬಂಡೆ ಜೀವಿಗಳ ಮೇಲಿನ ದಯೆಯಲ್ಲಿ ದೃಢವಾಗಿರಬೇಕೆಂದೂ ಹೇಳುತ್ತದೆ. ಕೊಲ್ಲುವ ಕೈಯನ್ನು ತಡೆಯುವ ರಾಜಾಜ್ಞೆ ಈ ನೆಲಕ್ಕೆ ಬ್ರಿಟಿಷರು ತಂದದ್ದೇನಲ್ಲ.

ನನ್ನ ದೂರು ಇರುವುದು ಬೇರೆ ಕಡೆ. ಕಾನೂನಿನ ಬಂದೂಕು ಕೈಗೆ ಸಿಗದ ಕಡೆ ಕಾನೂನಿಲ್ಲದ ಉಪಾಯಗಳು ಹುಟ್ಟುತ್ತವೆ. ಕಳ್ಳ ನಾಡಬಂದೂಕು, ಬೇಲಿಗೆ ಹರಿಸಿದ ಕರೆಂಟು, ಉರುಳು, ಎಲ್ಲಕ್ಕಿಂತ ಕೆಟ್ಟದ್ದು ತಿನಿಸಿನಲ್ಲಿ ಅಡಗಿಸಿಟ್ಟ ಸಿಡಿಮದ್ದು. ಹಂದಿಗೆಂದು ಇಟ್ಟ ಉಂಡೆಯನ್ನು ಮೇಯಲು ಹೋದ ಹಸು ಕಚ್ಚುತ್ತದೆ, ಅದರ ದವಡೆಯೇ ಛಿದ್ರವಾಗುತ್ತದೆ. ದೇವರ ಎತ್ತುಗಳನ್ನು ಮಕ್ಕಳಿಗಿಂತ ಹೆಚ್ಚಾಗಿ ಸಾಕುವ ಮ್ಯಾಸಬೇಡರ ಹಟ್ಟಿಗಳ ಸುತ್ತ ಇಂಥದ್ದು ಆಗಕೂಡದು. ನಂಬರು ಹಾಕಿದ, ಠಾಣೆಯ ಪುಸ್ತಕದಲ್ಲಿರುವ ಒಂದು ಬಂದೂಕು ಲೆಕ್ಕಕ್ಕೆ ಸಿಗದ ಹತ್ತು ಸಿಡಿಮದ್ದಿಗಿಂತ ಊರಿಗೆ ಕ್ಷೇಮ.

ಲೈಸೆನ್ಸ್ ಇದ್ದವರಿಗೂ ತಾಪತ್ರಯ ತಪ್ಪಿದ್ದಲ್ಲ. ಚುನಾವಣೆ ಘೋಷಣೆಯಾದ ಕೂಡಲೇ ಬಂದೂಕು ಠಾಣೆಗೆ ಒಪ್ಪಿಸಬೇಕೆಂಬ ಸೂಚನೆ ಬರುತ್ತದೆ. ಯಾರಿಂದ ಪಡೆಯಬೇಕು, ಯಾರಿಗೆ ಬಿಡಬೇಕು ಎಂದು ಪರಿಶೀಲನಾ ಸಮಿತಿ ಒಬ್ಬೊಬ್ಬರದನ್ನೂ ನೋಡಿ ತೀರ್ಮಾನಿಸಬೇಕೆಂಬುದು ಚುನಾವಣಾ ಆಯೋಗದ ಕ್ರಮ. ಬೆಳೆ ಕಾಯುವವನ ವಿಷಯದಲ್ಲಿ ಆ ಪರಿಶೀಲನೆ ಮನಸ್ಸಿಟ್ಟು ನಡೆಯಬೇಕು. ಹಂದಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲ.

ಇತ್ತೀಚಿನ ತಿದ್ದುಪಡಿಗಳು ಹಿಡಿತವನ್ನು ಬಿಗಿ ಮಾಡಿವೆ. ಒಬ್ಬರು ಮೂರು ಬಂದೂಕು ಹೊಂದಬಹುದಿತ್ತು, 2019ರಲ್ಲಿ ಅದು ಎರಡಕ್ಕಿಳಿಯಿತು. ಮದುವೆ, ಜಾತ್ರೆಗಳಲ್ಲಿ ಸಂಭ್ರಮಕ್ಕೆಂದು ಬೇಜವಾಬ್ದಾರಿಯಿಂದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆ. ಪರವಾನಗಿ ಇಲ್ಲದೆ ತಯಾರಿಸಿ ಮಾರಿದರೆ ಕನಿಷ್ಠ ಏಳು ವರ್ಷ, ಜೀವಾವಧಿಯವರೆಗೂ ಹೋಗಬಹುದು. ಕುಲುಮೆಯಲ್ಲಿ ನಳಿಗೆ ಮಾಡಿಕೊಡುವವರಿಗೆ ಇದು ತಿಳಿದಿರಲಿ. ಒಳ್ಳೆಯದೂ ಒಂದಿದೆ: ಮೂರು ವರ್ಷಕ್ಕೊಮ್ಮೆ ಆಗಬೇಕಿದ್ದ ನವೀಕರಣ ಈಗ ಐದು ವರ್ಷಕ್ಕೊಮ್ಮೆ.

ಇದಕ್ಕೂ ಮುಂಚಿನ 2016ರ ನಿಯಮಗಳು ಕಾಲಮಿತಿಯನ್ನೂ ಹಾಕಿವೆ. ಪೊಲೀಸರು 30 ದಿನದಲ್ಲಿ ವರದಿ ಕೊಡಬೇಕು, ವರದಿ ಬಂದ 60 ದಿನದಲ್ಲಿ ಜಿಲ್ಲಾ ದಂಡಾಧಿಕಾರಿ ಕೊಡುತ್ತೇನೆಂದೋ ಇಲ್ಲವೆಂದೋ ತೀರ್ಮಾನಿಸಬೇಕು. ಇಲ್ಲವೆಂದರೆ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು, ಅರ್ಜಿದಾರ ಕೇಳಿದರೆ ಅದರ ಸಂಕ್ಷೇಪವನ್ನು ಕೊಡಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆ ಎನಿಸಿದರೆ ಮಾತ್ರ ಆ ಸಂಕ್ಷೇಪವನ್ನು ಕೊಡದಿರಬಹುದು. ನಿರಾಕರಣೆಯ ಆದೇಶದ ಮೇಲೆ ಮೇಲ್ಮನವಿಗೂ ಅವಕಾಶವಿದೆ. ಚಳ್ಳಕೆರೆಯ ತಾಲ್ಲೂಕು ಕಚೇರಿಯ ಮುಂದೆ ಪಹಣಿ ಹಿಡಿದು ನಿಂತವನಿಗೆ ಇಷ್ಟನ್ನು ಯಾರಾದರೂ ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಡಬೇಕು. ಪಂಚಾಯಿತಿಗಳು ಮನಸ್ಸು ಮಾಡಿದರೆ ಬರುವ ಮುಂಗಾರು ಬಿತ್ತನೆಯೊಳಗೆ ಆಗುವ ಕೆಲಸ ಅದು.